ಹಾಸಿಗೆ ಸಾಲದವರು

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಔದ್ರೋನೆ ಲೆಕ್ಕ ಬರೆಯುವುದು
ಏಳಡಿ ಎತ್ತರದವರದ್ದು.

ತೆಲ್ಶೈ ಊರಿನ ಕೆರೆ ಹೆಪ್ಪುಗಟ್ಟಿದೆ.
ಕ್ರೀಡಾಂಗಣದ ಮೇಲ್ಮಹಡಿಯಲ್ಲಿ ಹೀಟರ್ ಆರಿಸಿ
ಕೋಟು ಹೊದ್ದೇ ಕೂತಿದ್ದಾಳೆ.
ಉಳಿಯುವುದು ಹನ್ನೊಂದು ಯೂರೋ ಇರಬಹುದು, ಇರಲಿ.

ಮಾಂತ್ವಿದಸ್‌ಗೆ ಜರ್ಮನಿಯಿಂದ ಕರೆ ಬಂದಿದೆ, ಮೂರು ಪಟ್ಟು.
ಅವನು ಹೋದರೆ
ಎರ್ದ್ವಿಲಸ್ ತಿರುಗಿಯೂ ನೋಡದೆ ಹಿಂದಕ್ಕೆಸೆವ ಚೆಂಡು
ಯಾರ ಕೈಗೆ?
ಆ ಎಸೆತಕ್ಕೆ ಯಾವ ಖಾತೆಯಲ್ಲೂ ಕಾಲಂ ಇಲ್ಲ.
ಒಂಬತ್ತರ ವಯಸ್ಸಿನಿಂದ
ಒಂದೇ ಬುಟ್ಟಿಯ ಕೆಳಗೆ ಬಿದ್ದೆದ್ದ ಅಭ್ಯಾಸ ಅದು.

ಬಸ್ಸಿನ ಬದಲು ವ್ಯಾನು.
ಹೋಟೆಲ್ ಬೇಡ, ರಾತ್ರೋರಾತ್ರಿ ವಾಪಸು.
ಮಾಲೀಶಿನವನಿಗೆ ವಾರಕ್ಕೆ ಎರಡೇ ದಿನ.
ಆದರೂ ಕೊನೆಯ ಸಾಲು ಕೆಂಪು.

ನಿನ್ನೆ ನಾಯಕ ವೈದೋತಸ್ ಬಂದಿದ್ದ,
ಬಾಗಿಲಲ್ಲಿ ತಲೆ ತಗ್ಗಿಸಿ
(ವಿನಯಕ್ಕಲ್ಲ, ಚೌಕಟ್ಟು ಗಿಡ್ಡ).
"ನನ್ನದರಲ್ಲಿ ಮುರಿದುಕೊಳ್ಳಿ, ಹುಡುಗನಿಗೆ ಹೇಳಬೇಡಿ.
ಈ ಮಂಡಿ ಹೇಗೂ ಅರ್ಧ ಸಂಬಳದ್ದೇ."

ಮುರಿದುಕೊಂಡಳು.
ಇನ್ನೂ ನಾನೂರ ಎಂಬತ್ತು ಎಲ್ಲಿಂದ?

ಪಟ್ಟಿಯ ತಳದಲ್ಲಿ ಚೆಂಡು ಮುಟ್ಟದವರು:
ವ್ಯಾನಿನ ಚಾಲಕ,
ನೆಲ ಒರೆಸುವ ದಾನುತೆ,
ಆಮೇಲೆ ಲೆಕ್ಕದವಳು. ಎತ್ತರ ಐದಡಿ ಒಂದಂಗುಲ.
ಗಿಡ್ಡವರ ಹಾಸಿಗೆಯಲ್ಲಿ
ಯಾವಾಗಲೂ ಒಂದು ಗೇಣು ಮಿಕ್ಕಿರುತ್ತದೆಂದು
ಯಾರು ಹೇಳಿದರೋ.
ದಾನುತೆಯ ಹೆಸರಿಗೂ ತನ್ನ ಹೆಸರಿಗೂ ನಡುವೆ
ಪೆನ್ನು ಹಿಡಿದು ಬಹಳ ಹೊತ್ತು ಕೂತಳು.

ಕೆಳಗೆ ಕತ್ತಲ ಅಂಕಣದಲ್ಲಿ
ಯಾರೋ ಒಬ್ಬರೇ ಚೆಂಡು ಕುಟ್ಟುತ್ತಿದ್ದರು.
ಎರಡು ಸಲ ಬಲಗೈ, ಒಂದು ಸಲ ಎಡ.
ಮಾಂತ್ವಿದಸ್.
ಸದ್ದಿನಲ್ಲೇ ಗೊತ್ತು.