ಹತ್ತಡಿ

ಕಾರ್ಯದರ್ಶಿಗಳೇ,
ನಿನ್ನೆ ಸಭೆಯಲ್ಲಿ ನಾನೂ ಇದ್ದೆ,
ಬಾಗಿಲ ಹತ್ತಿರ, ರಸಮಟ್ಟ ಕಂಕುಳಲ್ಲಿಟ್ಟುಕೊಂಡು.
ಮೇಜು ಜೋಡಿಸುವವನನ್ನು ಯಾರೂ ಕೇಳುವುದಿಲ್ಲ,
ಅದಕ್ಕೇ ಬರೆಯುತ್ತಿದ್ದೇನೆ.

ಮುಂದಿನ ವರ್ಷದಿಂದ ಹತ್ತಡಿ ಮೇಜಿನ ಪೂಲ್ ಪಂದ್ಯ ಬೇಡ
ಎಂದಿರಿ. ಒಂಬತ್ತಡಿ ಸಾಕು,
ಜಗತ್ತೆಲ್ಲ ಆಡುವುದು ಅದರಲ್ಲೇ.
ಇದು ವೃತ್ತಿಯವರ ಪಂದ್ಯ, ಸರ್ಕಸ್ಸಲ್ಲ,
ಎಲ್ಲೂ ಅಭ್ಯಾಸಕ್ಕೆ ಸಿಗದ ಮೇಜಿಗೆ
ಬಹುಮಾನ ಯಾಕೆ, ಅಂದರು ಅಪ್ಪಚ್ಚು ಮಾಸ್ಟರು.
ನಿಜ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.
ಹತ್ತಡಿಯ ಆಟಕ್ಕೆ ನಿದ್ದೆ ಹೋದವರನ್ನೂ ಎಣಿಸಿದ್ದೇನೆ:
ಹನ್ನೊಂದು, ನಿಮ್ಮನ್ನೂ ಸೇರಿಸಿ.

ಆದರೂ.
ಆ ಮೇಜು ವಿರಾಜಪೇಟೆಗೆ ಬಂದದ್ದು ನೆನಪಿರಬೇಕು.
ಮೈಸೂರಿನ ಲಾರಿ, ಮೂರು ಕಲ್ಲಿನ ಹಲಗೆ,
ಕಾಫಿ ಗೋದಾಮಿನ ಬಾಗಿಲಲ್ಲಿ ಹಿಡಿಸದೆ
ಮೂಟೆ ಇಳಿಸುವ ಕಿಂಡಿಯಿಂದ ಒಳಗೆ ಬಂತು,
ಹುತ್ತರಿ ಕಳೆದ ಮರುವಾರ.
ಎರಡು ರಾತ್ರಿ ನಾನು, ಕುಂಞಮ್ಮದ್ ಕೂತು
ಕಲ್ಲುಗಳ ಸಂದಿಗೆ ಭಾಗಮಂಡಲದ ಜೇನುಮೇಣ
ಕರಗಿಸಿ ಬಿಟ್ಟೆವು, ಬ್ಲೇಡಿನಲ್ಲಿ ಕೆರೆದೆವು,
ಉಗುರಿಗೆ ಸಂದು ಸಿಗದ ತನಕ.

ಮೇಜು ಒಂದಡಿ ಬೆಳೆಯಿತು.
ಮೂಲೆಯ ಬಾಯಿ ಬೆಳೆಯಲಿಲ್ಲ.
ನನ್ನ ವಾದ ಇಷ್ಟೇ, ಬೇಕಾದರೆ ಕಾಗದ ಇಲ್ಲಿಗೇ ಮಡಿಸಿಡಿ.
ಕೈಲ್‌ಪೊಳ್ದಿಗೆ ಗುಂಡು ಹೊಡೆಯಲು ತೆಂಗಿನಕಾಯಿ ಕಟ್ಟುವಾಗ
ಮರ ಎತ್ತರವಾಯಿತೆಂದು
ಕುಂಬಳಕಾಯಿ ಕಟ್ಟಿದ್ದುಂಟಾ?

ಹೊರಗಿನಿಂದ ಬಂದ ಆ ಚಾಂಪಿಯನ್, ಹೆಸರು ಬೇಡ,
ಒಂಬತ್ತಡಿಯಲ್ಲಿ ಕುರ್ಚಿಗೆ ಬೆನ್ನು ತಾಗಿಸದೆ
ಸಾಲಾಗಿ ಆರು ರ್‍ಯಾಕ್ ಮುಗಿಸಿದ.
ಎದುರಾಳಿ ತನ್ನ ಚಹಾ ಆರುವುದನ್ನು ನೋಡುತ್ತ ಕೂತಿದ್ದ.
ಅದೂ ಚಂದವೇ. ಹೊಲಿಗೆ ಯಂತ್ರ ಓಡಿದ ಹಾಗೆ ಚಂದ.
ಮರುದಿನ ಹತ್ತಡಿಯಲ್ಲಿ
ನೀಲಿ ಎರಡು, ಉದ್ದಕ್ಕೆ, ನೇರ,
ಒಂದು ಕಾಳುಮೆಣಸಿನಷ್ಟು ತಪ್ಪಿತು.
ಆಗ ಅವನು ಮೊದಲ ಸಲ ಮೇಜನ್ನು ನೋಡಿದ.
ಸುತ್ತು ಬಂದ, ಬಟ್ಟೆ ಮುಟ್ಟಿದ,
ದಾಟುವ ಮೊದಲು ಹೊಳೆಗೆ ಕಾಲಿಟ್ಟು ನೋಡುವವನ ಹಾಗೆ.

ಸುಬೈದಾಳ ವಿಷಯ ಯಾರೂ ಎತ್ತಲಿಲ್ಲ.
ಐದಡಿಗೆ ಎರಡಂಗುಲ ಕಡಿಮೆಯ ಹುಡುಗಿ,
ಬಸ್‌ಸ್ಟ್ಯಾಂಡಿನ ಹಿಂದೆ
ಆಟಕ್ಕೆ ಹತ್ತು ರೂಪಾಯಿಯ ಏಳಡಿ ಮೇಜಲ್ಲಿ ಕಲಿತವಳು.
ಹತ್ತಡಿಯ ನಡುವಿಗೆ ಅವಳ ಕೈ ಎಟುಕುವುದಿಲ್ಲ.
ಹನ್ನೆರಡು ಸಲ ಅಡ್ಡಕೋಲು ಕೇಳಿದಳು.
(ಊರುಗೋಲು ಅಂತ ಹುಡುಗರು ನಗುತ್ತಾರೆ ಅದಕ್ಕೆ.)
ಇದು ಉದ್ದ ಕೈಯವರ ಆಟ, ಅನ್ಯಾಯ,
ಅನ್ನಿಸಿತು ನನಗೂ. ಈಗಲೂ ಸ್ವಲ್ಪ ಅನ್ನಿಸುತ್ತದೆ.
ಹದಿಮೂರನೇ ಸಲ
ಅಡ್ಡಕೋಲಿನ ಮೇಲಿಂದ ಬಿಟ್ಟ ಆ ಏಟಿಗೆ
ಬಿಳಿ ಚೆಂಡು ಮೂರು ಅಂಚು ಮುಟ್ಟಿ,
ಇಡೀ ಹಾಸು ದಾಟಿ, ದಣಿದು,
ನಿಲ್ಲಬೇಕಾದಲ್ಲಿ ನಿಂತಿತಲ್ಲ,
ಆಗ ಗೋದಾಮಿನಲ್ಲಿ
ಹನ್ನೊಂದು ಮಂದಿಯೂ ಎದ್ದಿದ್ದರು.

ಅವಳು ಸೋತಳು. ಒಂಬತ್ತಕ್ಕೆ ನಾಲ್ಕು.
ಹೊರಗೆ ಕಾಫಿ ಒಣಗಿಸುವ ಕಣದ ಅಂಚಲ್ಲಿ ಕೂತು
ಶೂ ಬಿಚ್ಚುತ್ತ ಕೇಳಿದಳು,
‘ಇದೇ ಮೇಜು ಬರುತ್ತಲ್ಲ, ಮುಂದಿನ ಸಲವೂ?’

ನನ್ನ ಸ್ವಾರ್ಥವೂ ಇದೆ, ಮುಚ್ಚಿಡುವುದಿಲ್ಲ:
ಎರಡು ದಿನದ ಕೂಲಿ, ಕುಂಞಮ್ಮದನದು ಬೇರೆ.
ಎಲ್ಲ ಆಟ ಹತ್ತಡಿಯಲ್ಲೇ ಆಗಲಿ ಎನ್ನುವುದೂ ಇಲ್ಲ;
ಹಾಗಾದರೆ ಜನ ದಿಂಬು ತರುತ್ತಾರೆ.
ಒಂದು ಮೂಲೆಯಲ್ಲಿ ಒಂದು ದಿನ ಸಾಕು.

ಬೇಡವೇ ಬೇಡ ಅಂತ ಬರೆದಾಗಿದ್ದರೆ
ಒಂದು ದಿನ ಮುಂಚೆ ತಿಳಿಸಿ.
ಸುತ್ತಿಗೆಯವರನ್ನು ಕಳಿಸಬೇಡಿ.
ಬಡಿದರೆ ಆ ಕಲ್ಲು ಬಿಡುವುದಿಲ್ಲ, ಒಡೆಯುತ್ತದೆ.
ಸಂದಿಗೆ ಸಣ್ಣ ಬಿಸಿ ಕೊಡಬೇಕು,
ಮೇಣ ತಾನಾಗಿ ಬಿಟ್ಟುಕೊಡುವ ತನಕ
ಕಾಯಬೇಕು.