ಗಾಡಿ ತೂಕ

ಮೂವತ್ತೊಂದು ವರ್ಷ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ
ನಾನು ಮಾಡಿದ್ದು ಒಂದೇ ಲೆಕ್ಕ:
ಬರುವಾಗ ಕಬ್ಬು ತುಂಬಿದ ಗಾಡಿ ತೂಗು,
ಹೋಗುವಾಗ ಬರಿ ಗಾಡಿ ತೂಗು,
ಕಳೆ.
ಉಳಿದದ್ದು ಕಬ್ಬು.

ಈಗ ಶನಿವಾರದ ಮಧ್ಯಾಹ್ನ ಮಂಡ್ಯದ ಕಾಲೇಜೊಂದರ ಹಿಂದಿನ ಕೋಣೆ.
ಆರು ಕಂಪ್ಯೂಟರು, ಎರಡು ಏಳುವುದಿಲ್ಲ.
ಯಾರೂ ಬರೆಯಬಹುದಾದ, ಯಾರೂ ಅಳಿಸಬಹುದಾದ
ವಿಶ್ವಕೋಶಕ್ಕೆ ಹೊಸಬರನ್ನು ಕೈಹಿಡಿದು ಇಳಿಸುವುದು ನನ್ನ ಕೆಲಸ.
ಸಂಬಳವಿಲ್ಲ. ಟೀ ನಾನೇ ತರಿಸುತ್ತೇನೆ.

ಜೀವಿತ ಬಂದದ್ದು ಸಂಕ್ರಾಂತಿ ಕಳೆದ ವಾರ,
ನರ್ಸಿಂಗ್ ಎರಡನೇ ವರ್ಷ,
ಬ್ಯಾಗಿನಲ್ಲಿ ಇನ್ನೂ ಎಳ್ಳುಬೆಲ್ಲದ ಪೊಟ್ಟಣ.
ಒಂದೊಂದೇ ಅಕ್ಷರ ಹುಡುಕಿ ಒತ್ತಿ
ಅರ್ಧ ಗಂಟೆಗೆ ಒಂದು ಸಾಲು:
"ನೀರುಗಂಟಿ ಎಂದರೆ ನಮ್ಮ ತಾತ."

ನಾನು ಕನ್ನಡಕ ತೆಗೆದು ಒರೆಸಿದೆ.
ಅದಕ್ಕಿಂತ ಒಳ್ಳೆಯ ಸಾಲು ಆ ಕೋಣೆಯಲ್ಲಿ ಹುಟ್ಟಿರಲಿಲ್ಲ.
ಅದು ಅಲ್ಲಿ ನಿಲ್ಲುವುದಿಲ್ಲವೆಂದು ಹೇಗೆ ಹೇಳಲಿ?

"'ನಮ್ಮ' ಅಂತ ಬರಿಯಂಗಿಲ್ಲ ಕಣವ್ವ."
"ಯಾಕ್ ಸಾ? ಬ್ಯಾರೇರ್ ತಾತನ್ ಬರೀಲಾ?"
"ಯಾರ್ ತಾತನೂ ಬ್ಯಾಡ. ನಾಲೆ ನೀರ್ನ
ಗದ್ದೆಗದ್ದೆಗೂ ಪಾಲು ಹಾಕೋನು. ಅಷ್ಟು ಬರಿ."
"ಅಷ್ಟೇಯಾ?" ಅಂದಳು.
ನಾನು ಟೀ ಹುಡುಗನನ್ನು ಕೂಗಿದೆ.

ರಾತ್ರಿ ಫೋನಿನಲ್ಲೇ ಬರೆದಿದ್ದಾಳೆ, ಪೂರ್ತಿ:
ತಾತ ಲಾಟೀನು ಹಿಡಿದು ಏರಿ ಮೇಲೆ ನಡೆಯುತ್ತಿದ್ದದ್ದು,
ಒದ್ದೆ ಗೋಣಿ ತುರುಕಿ ತೂಬನ್ನು ಕಾಲಲ್ಲಿ ಒತ್ತುತ್ತಿದ್ದದ್ದು,
ನೀರಿನ ಸದ್ದಿಗೇ ಯಾರ ಗದ್ದೆ ತುಂಬಿತೆಂದು ಹೇಳುತ್ತಿದ್ದದ್ದು,
ಸುಗ್ಗಿಯಲ್ಲಿ ಕಣಕ್ಕೊಂದು ಮೊರ ಭತ್ತ;
'ಅತ್ಯಂತ ಪ್ರಾಮಾಣಿಕ', 'ಅಪಾರ ಜನಪ್ರಿಯ', 'ದೇವರಂಥ ಮನುಷ್ಯ'.
ಏಳು ನಿಮಿಷ ಇತ್ತು. ಎಂಟನೆಯದರಲ್ಲಿ
ಯಾವ ಊರಿನವರೋ ಅಷ್ಟನ್ನೂ ಅಳಿಸಿ
ಎರಡು ಪದ ಇಟ್ಟು ಹೋಗಿದ್ದರು: ಆಧಾರ ಇಲ್ಲ.

"ಅಳಿಸ್ಬುಟ್ಟವ್ರೆ ಸಾ. ನಮ್ ತಾತ ಸುಳ್ಳಾ?"

ಎರಡು ಶನಿವಾರ ಅವಳ ಕುರ್ಚಿ ಖಾಲಿ.

ನನಗೂ ಆಗಿತ್ತು. ಆಲೆಮನೆಯ ಬಗ್ಗೆ ಬರೆದು ಕೊನೆಯಲ್ಲಿ
'ಇಂತಿ ನಿಮ್ಮ ವಿಶ್ವಾಸಿ', ಹೆಸರು, ಮೊಬೈಲ್ ನಂಬರು ಹಾಕಿದ್ದೆ.
ಅಳಿಸಿದವನ ಮೇಲೆ ಒಂದು ವಾರ ಹಲ್ಲು ಕಡಿದೆ.
ಆಮೇಲೆ ಅವನೇ, ಬೀದರಿನ ಕಡೆಯವನಂತೆ, ಬರೆದ:
'ಸರ್, ಬೆಲ್ಲ ಅಚ್ಚಿಗೆ ಹೊಯ್ಯುವುದನ್ನು
ನಿಮ್ಮಷ್ಟು ಸರಿಯಾಗಿ ಯಾರೂ ಬರೆದಿಲ್ಲ. ಸಹಿ ಮಾತ್ರ ಬೇಡ.'
ಅವನ ಮುಖ ನೋಡಿಲ್ಲ. ಆ ಎರಡು ಸಾಲಿಗೆ
ಹನ್ನೊಂದು ವರ್ಷದಿಂದ ಇಲ್ಲೇ ಕೂತಿದ್ದೇನೆ.

ಜೀವಿತಳಿಗೆ ಬಾ ಎನ್ನಲಿಲ್ಲ. ಮೆಸೇಜು ಕಳಿಸಿದೆ:
'ಲಾಟೀನು ಇರಲಿ. ಗೋಣಿ ಇರಲಿ. ದೇವರನ್ನು ಇಳಿಸು,
ಅದು ಗಾಡಿ ತೂಕ.'

ಮೂರನೇ ವಾರ ಬಂದಳು, ಬಿಸಿಲಿಗೆ ಕೆಂಪಾಗಿ,
ಕೈಯಲ್ಲಿ ಗ್ರಂಥಾಲಯದ ಜೆರಾಕ್ಸು:
ಯಾವುದೋ ಹಳೇ ನೀರಾವರಿ ವರದಿ, ಹುಳು ತಿಂದ ಅಂಚು,
ಪುಟ ಇನ್ನೂರ ಹನ್ನೆರಡು,
'ನೀರುಗಂಟಿಗೆ ರೈತರು ಕೊಡತಕ್ಕ ಭತ್ತ'.
ತಾತ ಅದರಲ್ಲಿಲ್ಲ. ಮೊರ ಇದೆ.
"ಈ ಮೊರ ನಮ್ಮನೇದೇಯ" ಎಂದು
ಪುಟದ ಸಂಖ್ಯೆ ಎರಡು ಸಲ ನೋಡಿ ಬರೆದಳು.

ನಾಲ್ಕು ಸಾಲು ಉಳಿಯಿತು. ಇನ್ನೂ ಇದೆ.
ನಾನೇ ಇರಲಿ ಎಂದಿದ್ದ ಲಾಟೀನಿಗೆ
ಯಾವ ಪುಸ್ತಕದಲ್ಲೂ ಆಧಾರ ಸಿಗಲಿಲ್ಲ.

ಮೊನ್ನೆ ಹೊಸ ಹುಡುಗ, ಮದ್ದೂರಿನ ಸುಹೇಲ್,
'ವಿಶ್ವವಿಖ್ಯಾತ ಮದ್ದೂರು ವಡೆ' ಎಂದು ಶುರು ಮಾಡಿದ.
ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಕುರ್ಚಿಯಿಂದ,
"ಗಾಡಿ ಇಳಿಸೋ. ಕಡ್ಲೆಹಿಟ್ಟೋ, ಅಕ್ಕಿಹಿಟ್ಟೋ, ಅದ್ ಯೋಳು ಮದ್ಲು."
ಅವನ ಮುಖ ಸಣ್ಣಗಾಯಿತು. ಅವಳು ಅದನ್ನು ಕಂಡಳು.
"ಈರುಳ್ಳಿ ವಿಚಾರ ಚೆನ್ನಾಗ್ ಬರ್ದಿದ್ದೀಯ" ಎಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ.
ಲೆಕ್ಕದ ಪುಸ್ತಕದಿಂದ ನಾನು ಕಳೆದ ಅಷ್ಟೂ ಗಾಡಿಗಳು
ಸರಿಹೊತ್ತಿನಲ್ಲಿ ಮನೆಗೆ ಹೋಗುತ್ತಿದ್ದವು.
ಹೊಡೆಯುವವನು ಮಲಗಿರುತ್ತಿದ್ದ.
ಎತ್ತಿಗೆ ದಾರಿ ಗೊತ್ತಿತ್ತು.
ಅಚ್ಚಿನ ಕೆಳಗೆ, ತೂಗುತ್ತ, ಒಂದು ಲಾಟೀನು.