ಕೈ ಸಡಲ ಬಿಡ್ರಿ

ಡಂಬಳದ ಕೆರಿಗಿಂತ ದೊಡ್ಡ ನೀರು ನಾ ನೋಡಿಲ್ಲ.
ಮೂವತ್ತೆರಡು ವರ್ಷ ಕಪ್ಪತಗುಡ್ಡದ ಸುತ್ತ
ಹೆಗಲಿಗೆ ಲಸಿಕಿ ಡಬ್ಬಿ, ಡಬ್ಬಿಯೊಳಗ ಬರ್ಫಿನ ನಾಕು ಇಟ್ಟಂಗಿ,
ಕರಗೂದ್ರೊಳಗ ಮುಂದಿನ ಊರು ಮುಟ್ಟಬೇಕು.
ಇಷ್ಟ ನನ್ನ ಪ್ರವಾಸ.

ಈಗ ಮುಂಬೈದಿಂದ ಹಡಗು.
ಐದು ರಾತ್ರಿ, ಹನ್ನೊಂದು ಅಂತಸ್ತು, ಎರಡು ಸಾವಿರ ಮಂದಿ.
ಹುಸೇನಬಿ, ಗಿರಿಜಾ, ನಾನು,
ರಿಟೈರಾದ ಮೂರು ಮಂದಿ ಸಿಸ್ಟರ್‌ಗೋಳು
ತಿಂಗಳಾ ಚೀಟಿ ಹಾಕಿ ಕೂಡಿಸಿದ ರೊಕ್ಕ.
"ಎರಡು ಸಾವಿರ ಮಂದಿ ಒಂದ ಚಮಚಾ ಹಿಡದು ಪಲ್ಯಾ ಬಡಿಸ್ಕೋತಾರ,
ಸೂಜಿ ಮಾಡಿಸ್ಕೊಂಡ ಹೋಗೂಣು" ಅಂದ್ಲು ಗಿರಿಜಾ.
ಹುಸೇನಬಿ ಎಲಿ ಅಡಕಿ ಕುಟ್ಕೋತ:
"ನಲವತ್ತು ಊರಿನ ಬಾವಿ ನೀರು ಕುಡದೀನಿ.
ನನ್ನ ನೋಡಿ ಬ್ಯಾನೀನ ಹೆದರಬೇಕು."

ಗದಗಿನ ಮುಳಗುಂದ ನಾಕಾದ ಹತ್ರ ಡಾಕ್ಟರು,
ವಯಸ್ಸು ನನ್ನ ಸರ್ವೀಸಿಗಿಂತ ಕಡಿಮಿ.
ಹಾಳಿ ಮ್ಯಾಲ ಬರದು ಕೊಟ್ರು:
ಫ್ಲೂ. ಟೈಫಾಯಿಡ್. ಕಾಮಣಿದು, ಎ ಅನ್ನೂದು.
ನ್ಯುಮೋನಿಯಾ, ಅರವತ್ತು ದಾಟೇತಲ್ಲ.
ಸರ್ಪಸುತ್ತಿಂದು, ಮನಸ್ಸಿದ್ರ.
ಎದುರಿಗೆ ರೇಟು.
ನಾ ಪುಗಸಟ್ಟೆ ಹಾಕಿದ ಸೂಜಿ ಲೆಕ್ಕ ಹಿಡದೆ:
ಈ ದರದಾಗ ಹಡಗನ್ನ ಕೊಳ್ಳಬಹುದಿತ್ತು.

ಸರ್ಪಸುತ್ತಿಂದು ಓದಿ ಮೊದಲು ನಕ್ಕೆ.
ನಮ್ಮವ್ವಗ ಆಗಿತ್ತು. ನಡಾ ಸುತ್ತ ಕೆಮ್ಮಣ್ಣು ಹಚ್ಚಿ
ಹೆಡಿ ಬಾಲ ಕೂಡಬಾರದಂತ ನಡುವ
ಗೀಟು ಎಳದಿದ್ದ ಒಬ್ಬ ಮುದುಕ.
ಮೂರು ವಾರ ಒದರಿದ್ಲು ಆಕಿ.
ಆಮ್ಯಾಲ ನಗಿ ಬರಲಿಲ್ಲ.
ಆದ್ರೂ ಇಪ್ಪತ್ತು ಸಾವಿರ!
ಅದರ ಮ್ಯಾಲ ಗೀಟು ಎಳದೆ,
ಆ ಮುದುಕನಂಗ.

ಹಳದಿ ಜ್ವರದ್ದು ಬ್ಯಾಡಂದ್ರು, ನಿಮ್ಮ ಹಡಗು ಆ ಕಡೆ ಹೋಗೂದಿಲ್ಲ.
ಉಳಿದದ್ದು ನಾಕು.
ಜ್ವರ ಬರತಾವೇನ್ರೀ? ಬಾವು ಬರತೈತೇನ್ರೀ?
ಮರುದಿನ ರೊಟ್ಟಿ ಬಡ್ಯಾಕ ಆಗತೈತೇನ್ರೀ?
ನಾಕೂ ಒಂದ ಸಲಕ್ಕ ಹಾಕಿದ್ರ ದೇಹ ತಡೀತೈತೇನ್ರೀ?
ಕೇಳಿದಾಕಿ ನಾನ.
ಕೇಳಿಸಿದ್ದು ಡೋಣಿ ತಾಂಡಾದ ಸೋನಿಬಾಯಿ ದನಿ.
ನನ್ನ ನೋಡಿ, ಕೂಸು ಸೊಂಟಕ್ಕ ಕಟ್ಕೊಂಡು
ಜ್ವಾಳದ ಹೊಲದಾಗ ಓಡಿದ್ಲು ಆಕಿ.
ಬದುವಿನ ಮ್ಯಾಲ ನಿಂತು ಇವ ಪ್ರಶ್ನಿ ಕೇಳಿದ್ಲು.
ನಾ ಏನಂದಿದ್ದೆ?
"ಸರಕಾರದ ಆರ್ಡರ್ ಐತಿ, ಕೂಸಿನ ಕೈ ಹಿಡಿ."
ಆಕಿ ಹಿಡೀಲಿಲ್ಲ. ಬರ್ಫ ಕರಗಾಕತ್ತಿತ್ತು,
ಮುಂದಿನ ಊರಿಗೆ ಹೋದೆ.
ರಿಜಿಸ್ಟರಿನ್ಯಾಗ ಆ ಸಾಲು ಖಾಲಿ.
ಮುಂದಿನ ಬ್ಯಾಸಗಿಗೆ ತಾಂಡಾದಾಗ ದಡಾರ ಬಂತು.
ಇಷ್ಟ ಹೇಳ್ತೀನಿ.

ಡಾಕ್ಟರು ಪೆನ್ನು ಕೆಳಗಿಟ್ಟು
ಒಂದೊಂದಕ್ಕೂ ಉತ್ತರಾ ಹೇಳಿದ್ರು.
ಗಡಿಯಾರ ನೋಡಿದ್ದೆ ನಾ. ಆರು ನಿಮಿಷ.
ಆರು ನಿಮಿಷಕ್ಕ ಬರ್ಫ ಏನೂ ಕರಗೂದಿಲ್ಲ.

ಸೂಜಿ ಹಿಡದ ಹುಡುಗಿ ಸಣ್ಣಾಕಿ.
ನನ್ನ ಎಡರಟ್ಟಿ ಮ್ಯಾಲಿನ ದುಂಡನ್ನ ಕಲಿ ಮುಟ್ಟಿ
"ಇದೇನ್ರೀ ಅಜ್ಜಿ?" ಅಂದ್ಲು.
ಸಿಡುಬಿನ ಲಸಿಕಿಂದು. ಆ ಬ್ಯಾನಿ ಈಗ ಭೂಮಿ ಮ್ಯಾಲಿಲ್ಲ,
ಕಲಿ ಉಳದೈತಿ.
"ನಿನಗ ನಾನ ಹಾಕಿರಬೇಕು. ಯಾ ಊರು ನಿಂದು?"
"ಸಿಂದಗಿ ರೀ, ಬಿಜಾಪುರದ ಕಡೆ."
ಹಂಗಾರ ನಾನಲ್ಲ.
"ಕೈ ಸಡಲ ಬಿಡ್ರಿ."
ಎಷ್ಟು ಸಾವಿರ ಸಲ ನಾ ಅಂದ ಮಾತು!
ಬಿಡಾಕ ಬರಲಿಲ್ಲ ನನಗ.

ದವಾಖಾನ್ಯಾಗ ದೊಡ್ಡವರ ಕಾರ್ಡು ಇರಲಿಲ್ಲ.
ನಗೂ ಕೂಸಿನ ಚಿತ್ರದ ಕೆಳಗ ಬರದ್ಲು,
ಮಗುವಿನ ಹೆಸರು: ಫಕ್ಕೀರವ್ವ ಹೊಂಬಳ.
ತಾಯಿಯ ಹೆಸರು... ಅಂತ ತಡದ್ಲು.
ಬರಿ, ಅಂದೆ. ಹೊಳಿಯವ್ವ.
ಹುಟ್ಟಿದಾಗಿನ ತೂಕ ಯಾರಿಗೂ ಗೊತ್ತಿಲ್ಲ.

ಹೊರಗ ಬೆಂಚಿನ ಮ್ಯಾಲ ಅರ್ಧ ತಾಸು ಕೂಡ್ರಿಸಿದ್ರು.
ಬಾಜೂಕ ಹುಸೇನಬಿ, ರಟ್ಟಿ ತಿಕ್ಕೋತ, ಬೈಕೋತ,
ನಮಗಿಂತ ಮೊದಲ ಒಳಗ ಹೋಗಿ ಬಂದಾಕಿ.
ಹಡಗು ಹದಿನೆಂಟಕ್ಕ ಬಿಟ್ಟು ಇಪ್ಪತ್ಮೂರಕ್ಕ ಬರತೈತಿ.
ಕಾಮಣಿದು ಎರಡನೇ ಡೋಸು ಆರು ತಿಂಗಳಿಗೆ,
ಕಾರ್ಡು ಕಳೀಬ್ಯಾಡ್ರಿ ಅಂದಾಳ ಆ ಹುಡುಗಿ.